ತೋಳಿನ ಕೆಳಗಿನ ಮೂರು ಗೆರೆಗಳು

ಏಪ್ರಿಲ್ ೩, ಸೋಮವಾರ. ಬೆಳಿಗ್ಗೆ ೧೦

ತಿದ್ದುಪಡಿ. ಮಾರ್ಚ್ ಮೂವತ್ತರ ನಮೂದಿನಲ್ಲಿ 'ಡಾಕ್ಟರರ ಜೀಪಿನ ಹಿಂಬದಿಯ ಬಂಪರಿಗೆ ಸ್ಟೆಪ್ನಿ ನೇತುಹಾಕಲಾಯಿತು' ಎಂದು ಬರೆದಿದ್ದೇನೆ. ತಪ್ಪು. ಬಂಪರಿಗೆ ಏನನ್ನೂ ನೇತುಹಾಕುವುದಿಲ್ಲ. ಅದರ ಬಲತುದಿಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಗೂಟವೊಂದು ನೆಟ್ಟಗೆ ನಿಂತಿರುತ್ತದೆ. ಗೂಟದ ಮೇಲೆ ಕೊಳವೆ ಕೂರುತ್ತದೆ. ಕೊಳವೆಗೆ ಕಬ್ಬಿಣದ ತೋಳನ್ನು ಬೆಸೆದಿರುತ್ತಾರೆ. ತೋಳಿನ ಮೇಲೆ ಚಕ್ರ. ಹಿಂಬಾಗಿಲು ತೆರೆಯಬೇಕಾದಾಗ ತೋಳು ಗೇಟಿನಂತೆ ಪಕ್ಕಕ್ಕೆ ಸರಿಯುತ್ತದೆ. ಚಕ್ರದ ತೂಕ ನಲವತ್ತೆರಡು ಕಿಲೋ. ಅಷ್ಟನ್ನೂ ಹೊರುವುದು ಕೊಳವೆಯೂ ತೋಳೂ ಸೇರುವಲ್ಲಿನ ಬೆಸುಗೆ.

ನಿವೃತ್ತನಾದ ಮೇಲೆ ಏಳು ವರ್ಷ ಮನೆಯಲ್ಲಿ ಕುಳಿತು ಪತ್ರಿಕೆಗಳ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಕಳೆದ ತಿಂಗಳು ಮಗಳು ತನ್ನ ಬೆಸುಗೆ ಷೆಡ್ಡಿಗೆ ಕರೆತಂದಳು. "ಅಪ್ಪ, ಪೇಪರ್‌ನೋರಿಗೆ ಪಾಠ ಮಾಡಿದ್ದು ಸಾಕು. ಬಂದು ನಮ್ಮ ಕೆಲಸದ ಪುಸ್ತಕ ಬರೀರಿ. ನಮ್ಮಿಬ್ಬರ ಅಕ್ಷರ ನಮಗೇ ಓದಕ್ಕಾಗಲ್ಲ." ಇಬ್ಬರೂ ಬೆಸುಗೆ ಹಾಕುವವರು, ಮಗಳು ಮತ್ತು ಅಳಿಯ. ಅಕ್ಷರದ ಬಗ್ಗೆ ಹೇಳಿದ್ದು ನಿಜ.

ಡಾಕ್ಟರರು ನಿನ್ನೆ ಪ್ರವಾಸ ಹೊರಟರು. ಜೀಪಿನಲ್ಲಿ ಗಂಡ-ಹೆಂಡತಿ, ಹಿಂದೆಯೇ ಇನ್ನೊಂದು ಗಾಡಿಯಲ್ಲಿ ತಮ್ಮ, ತಮ್ಮನ ಹೆಂಡತಿ, ಎರಡು ಮಕ್ಕಳು. ಹನ್ನೆರಡು ದಿನ, ಬಹುಪಾಲು ಕಲ್ಲುದಾರಿ. ಮೂವತ್ತರಂದು ಬಂಪರ್ ಕೂರಿಸುವಾಗ ಎರಡು ಗಂಟೆ ನನ್ನ ಮೇಜಿನ ಮುಂದೆ ಕುಳಿತು ದಾರಿಯನ್ನೆಲ್ಲ ವರ್ಣಿಸಿದರು. ಬರೆದುಕೊಂಡೆ. ಎಂಟನೇ ತಾರೀಖಿನವರೆಗೆ ಫೋನ್ ಸಿಗದು. ಎಂಟರ ಬೆಳಿಗ್ಗೆ ಕಣಿವೆಯ ಕೆಳಗಿನ ಪೆಟ್ರೋಲ್ ಬಂಕ್. "ಮೇಷ್ಟ್ರೇ, ನನ್ನ ಹೆಂಡ್ತಿಗೂ ಇಷ್ಟು ವಿವರ ಗೊತ್ತಿಲ್ಲ," ಎಂದು ನಕ್ಕರು.

ಬರೆದು ಮುಗಿಸಿದ್ದು: ಏಪ್ರಿಲ್ ೩, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ಏಪ್ರಿಲ್ ೪, ಮಂಗಳವಾರ. ಮಧ್ಯಾಹ್ನ ೩

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಊಟದ ನಂತರ ಮಗಳು ಹೊಸ ಬಂಪರೊಂದನ್ನು ತಿರುಗಿಸಿ ನೋಡಿದಳು. ಒಂದು ಸಂದಿನ ಮೇಲೆ ಹಳದಿ ಸೀಮೆಸುಣ್ಣದ ಗೆರೆ.

"ರೀ, ಇದು ನಿಮ್ಮ ಗೆರೆಯಾ?"

"ನಂದೇ ಕಣೇ. ಊಟಕ್ಕೆ ಬನ್ನಿ ಬನ್ನಿ ಅಂತ ಪ್ರಾಣ ತಿಂದೆಯಲ್ಲ, ಅರ್ಧಕ್ಕೇ ಎದ್ದು ಬಂದೆ."

"ಹಾಗಾದ್ರೆ ಈಗ ನಾನೇ ತುಂಬ್ತೀನಿ. ನೀವು ಹೊಟ್ಟೆ ಮೇಲೆ ಕೈಯಿಟ್ಟು ಕೂತ್ಕೊಳ್ಳಿ."

ಗೆರೆಯೆಂದರೇನು ಎಂದು ಕೇಳಿದೆ. ಅಳಿಯ ವಿವರಿಸಿದ. ಮೊದಲು ಅಲ್ಲಲ್ಲಿ ಒಂದೊಂದು ಚುಕ್ಕಿ ಬೆಸುಗೆ ಹಾಕಿ ತುಂಡುಗಳನ್ನು ನಿಲ್ಲಿಸಿಕೊಳ್ಳುತ್ತಾರೆ. ಅದು ಹಿಡಿದಿಡುವುದಕ್ಕೆ ಮಾತ್ರ, ಭಾರಕ್ಕಲ್ಲ. ಅಂಥ ಸಂದುಗಳ ಮೇಲೆಲ್ಲ ಹಳದಿ ಗೆರೆ. ಪೂರ್ತಿ ಬೆಸುಗೆ ತುಂಬಿದವರು ಗೆರೆಯನ್ನು ಒರೆಸಬೇಕು. "ಗೆರೆ ಇದ್ರೆ ಕೆಲಸ ಬಾಕಿ. ಇಲ್ದಿದ್ರೆ ಮುಗೀತು. ಇಬ್ಬರೂ ಒಂದೇ ತುಂಡಿನ ಮೇಲೆ ಕೆಲಸ ಮಾಡ್ತೀವಲ್ಲ ಮಾವ, ಕೇಳ್ತಾ ಕೂತ್ಕೊಂಡ್ರೆ ಆಗಲ್ಲ. ಗೆರೆ ಹೇಳುತ್ತೆ."

ಆಗ ನೆನಪಾಯಿತು, ಮಾರ್ಚ್ ಇಪ್ಪತ್ತೇಳು, ಸೋಮವಾರ. ಮಗಳು ಗ್ಯಾಸ್ ಸಿಲಿಂಡರಿಗೆ ಹೋಗಿದ್ದಳು, ಅಳಿಯ ಪೈಪು ತರಲು. ಷೆಡ್ಡಿನಲ್ಲಿ ನಾನೊಬ್ಬ. ಬೆಂಚಿನ ಮೇಲೆ ಡಾಕ್ಟರರ ಬಂಪರು, ತೋಳು. ಎಲ್ಲಕ್ಕೂ ಧೂಳು. ನಲವತ್ತು ವರ್ಷ ಹಲಗೆ ಒರೆಸದೆ ತರಗತಿಯಿಂದ ಹೊರಬಿದ್ದವನಲ್ಲ. ಒದ್ದೆ ಬಟ್ಟೆ ತೆಗೆದುಕೊಂಡೆ. ಮೇಲ್ಭಾಗದಲ್ಲಿ ಒಂದೂ ಗೆರೆ ಇರಲಿಲ್ಲ. ಅಷ್ಟಕ್ಕೇ ಬಿಡಬಹುದಿತ್ತು. ತೋಳನ್ನು ಹೊರಳಿಸಿ ಕೆಳಭಾಗವನ್ನೂ ನೋಡಿದೆ — ಕೊಳವೆಯ ಸಂದಿನಲ್ಲಿ ಮೂರು ಗೆರೆ. ಮೂರನ್ನೂ ಒರೆಸಿದೆ. ಅಚ್ಚುಕಟ್ಟಾಯಿತೆಂದು ಸಂತೋಷಪಟ್ಟೆ.

ಬಣ್ಣ ಹಾಕುವವನು ಒಂದು ಗಂಟೆ ಮೊದಲೇ ಬಂದ. ಮನೆಮಂದಿಯೆಲ್ಲ ಬಣ್ಣದಣ್ಣ ಎಂದೇ ಕರೆಯುವುದು. "ಮೇಷ್ಟ್ರೇ, ಎಲ್ಲಾ ಆಯ್ತಾ? ತಗೊಂಡು ಹೋಗ್ಲಾ?"

"ಆಗಿದೆ. ಒಯ್ಯಿರಿ," ಎಂದೆ. ಹೇಳಲು ನನಗೇನು ಅಧಿಕಾರವಿತ್ತು?

ಅಳಿಯ ಮುಗಿಸಿದನೆಂದು ಮಗಳು ತಿಳಿದಳು. ಮಗಳು ಮುಗಿಸಿದಳೆಂದು ಅಳಿಯ ತಿಳಿದ. ಕಪ್ಪು ಬಣ್ಣ ದಪ್ಪಗೆ ಕುಳಿತಿತ್ತು.

ಇಂದು ಸಂಜೆ ಒಬ್ಬರು ಆರು ಜೀಪುಗಳ ಕೆಲಸ ಒಪ್ಪಿಸಲು ಬರುವವರಿದ್ದಾರೆ. ಅವರ ಮುಂದೆ ಬೇಡ. ನಾಳೆ ಹೇಳುತ್ತೇನೆ.

ಏಪ್ರಿಲ್ ೬, ಗುರುವಾರ. ಬೆಳಿಗ್ಗೆ ೧೧

ನಿನ್ನೆ ಬರೆಯಲಿಲ್ಲ. ನಿನ್ನೆ ಹೇಳಲೂ ಇಲ್ಲ.

ನಿನ್ನೆ ಬೆಳಿಗ್ಗೆ ಎರಡು ಬಾರಿ ಬಾಯಿ ತೆರೆದೆ. ಒಮ್ಮೆ ಗ್ರೈಂಡರ್ ಸದ್ದು. ಒಮ್ಮೆ ಮಗಳೇ, "ಏನಪ್ಪ, ಏನಾದ್ರೂ ಹೇಳ್ಬೇಕಿತ್ತಾ?" ಎಂದಳು. ಕಾಗದ ಮುಗಿದಿದೆ ಎಂದೆ. ಕಾಗದ ಮುಗಿದಿರಲಿಲ್ಲ. ಷೆಡ್ಡಿನಲ್ಲಿ ನನಗೊಂದು ಮೇಜು, ಒಂದು ಕುರ್ಚಿ, ಗೋಡೆಗೆ ಒಂದು ಮೊಳೆ — ಅಂಗಿ ನೇತುಹಾಕಲು. ಅವು ಹೋಗುತ್ತವೆಂಬ ಭಯ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಹುಡುಕಿದೆ, ಸಿಗಲಿಲ್ಲ.

ಇಂದು ಒಂಬತ್ತೂಕಾಲಿಗೆ ಹೇಳಿದೆ. ನಿಂತುಕೊಂಡು.

ಮಗಳು ಮುಖದ ಗವಸು ತೆಗೆದಳು. "ಎಲ್ಲಿ?"

"ತೋಳಿನ ಕೆಳಗೆ. ಕೊಳವೆಯ ಸಂದು."

"ಎಷ್ಟು?"

"ಮೂರು ಗೆರೆ."

"ಮೇಲ್ಗಡೆ ನಾನು ತುಂಬಿದೀನಿ," ಎಂದ ಅಳಿಯ, ತನಗೆ ತಾನೇ ಎಂಬಂತೆ. "ಮೇಲಿನದು ಒಂದೇ ಹಿಡಿದಿರಬೇಕು… ಕಲ್ಲುದಾರಿ… ನಲವತ್ತೆರಡು ಕಿಲೋ…"

"ಹಿಂದುಗಡೆ ಗಾಡೀಲಿ ಮಕ್ಕಳಿದಾರೆ ರೀ."

ಮಗಳು ಫೋನ್ ಹಚ್ಚಿದಳು. ಡಾಕ್ಟರರದು ಸ್ವಿಚ್ ಆಫ್. ಹೆಂಡತಿಯದು ಸ್ವಿಚ್ ಆಫ್. ತಮ್ಮನ ನಂಬರ್ ನಮ್ಮಲ್ಲಿಲ್ಲ. ಆಗ ದಿನಚರಿ ತೆಗೆದು ಮೂವತ್ತರ ಪುಟ ಅವಳ ಮುಂದಿಟ್ಟೆ. ದಾರಿ, ತಂಗುವ ಜಾಗ, ತಾರೀಖು. ಪುಟವನ್ನು ನನ್ನ ಕೈಯಿಂದಲೇ ಹರಿದುಕೊಟ್ಟೆ. ಈ ಪುಸ್ತಕದಿಂದ ಹರಿದ ಮೊದಲ ಹಾಳೆ.

ಅಳಿಯ ಪಿಕಪ್ಪಿಗೆ ಜನರೇಟರ್, ಬೆಸುಗೆ ಯಂತ್ರ ಏರಿಸಿದ. ಬಂಕಿಗೆ ಎರಡು ದಿನದ ದಾರಿ. ಹೊರಡುವಾಗ ನನ್ನ ಭುಜ ಮುಟ್ಟಿ, "ಮಾವ, ಮೊದಲೇ ನಿಮಗೆ ಹೇಳ್ಬೇಕಿತ್ತು ಗೆರೆ ವಿಷಯ. ನಮ್ಮದೂ ತಪ್ಪಿದೆ," ಎಂದ.

ಮಗಳು ಹಾಗೆನ್ನಲಿಲ್ಲ. ಪಿಕಪ್ ಕಣ್ಮರೆಯಾದ ಮೇಲೆ, ನನ್ನ ಕಡೆ ತಿರುಗದೆ ಹೇಳಿದಳು: "ಒರೆಸಿದ್ದಕ್ಕಲ್ಲ ಅಪ್ಪ. ಗೊತ್ತಿರಲಿಲ್ಲ, ಒರೆಸಿದ್ರಿ. ಮಂಗಳವಾರ ಗೊತ್ತಾಯ್ತಲ್ಲ. ಇವತ್ತು ಗುರುವಾರ."

ಏಪ್ರಿಲ್ ೭, ಶುಕ್ರವಾರ

ಮಗಳು ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಅಷ್ಟೆ. ಆರು ಜೀಪುಗಳವರು ಬಂದಾಗ ಒಂದು ವಾರ ಯಾವ ಹೊಸ ಕೆಲಸವನ್ನೂ ಹಿಡಿಯುವುದಿಲ್ಲವೆಂದು ಕಳುಹಿಸಿದಳು. ಕಾರಣವನ್ನೂ ಹೇಳಿದಳು, ಮುಚ್ಚಿಡದೆ. ಅವರು ಮತ್ತೆ ಬರುವುದು ಅನುಮಾನ.

ಬಣ್ಣದಣ್ಣ ಬಂದಿದ್ದ. ಯಾವಾಗಲೂ "ಮೇಷ್ಟ್ರೇ, ಪಾಸೋ ಫೇಲೋ?" ಎಂದು ಕೇಳುತ್ತಾ ಒಳಬರುವವನು ಇಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತ. "ಕೆಳಗಡೆ ಬೆಸುಗೆ ತೆಳ್ಳಗಿದೆ ಅನ್ನಿಸಿತ್ತು. ನೀವು ಆಗಿದೆ ಅಂದ್ರಲ್ಲ, ನಿಮ್ಮ ಮಾತು ಅಂತ…" ಚಪ್ಪಲಿ ಮೆಟ್ಟಿಕೊಂಡು ಹೋದ.

ಶಾಲೆಯಲ್ಲಿ ತಪ್ಪು ಮಾಡಿದವರಿಗೆ ಅಂಕ ಕಳೆಯುತ್ತಿದ್ದೆ. ಮುಚ್ಚಿಟ್ಟವರನ್ನು ಇಡೀ ತರಗತಿಯ ಮುಂದೆ ನಿಲ್ಲಿಸುತ್ತಿದ್ದೆ. ಒಬ್ಬ ಹುಡುಗ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದ. ಅವನ ಮುಖ ಇಂದು ನೆನಪಾಯಿತು. ಹೆಸರು ನೆನಪಾಗಲಿಲ್ಲ.

ಏಪ್ರಿಲ್ ೮, ಶನಿವಾರ. ಮಧ್ಯಾಹ್ನ

ಎಂಟು ಗಂಟೆಯಿಂದ ಫೋನ್ ಬೆಂಚಿನ ಮೇಲೆ, ಮಗಳು ಅದರ ಮುಂದೆ. ನಾನು ನನ್ನ ಮೇಜಿನಲ್ಲಿ. ಇಬ್ಬರ ನಡುವೆ ಹತ್ತು ಅಡಿ. ಹನ್ನೊಂದಾಯಿತು. ಹನ್ನೊಂದೂವರೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಬಂತು. ಮಗಳು ಸ್ಪೀಕರ್ ಹಾಕಿದಳು — ನನಗೂ ಕೇಳಲೆಂದು. ಅದನ್ನು ಗಮನಿಸಿದೆ.

"ಸಿಕ್ಕಿದ್ರು ಕಣೇ. ಎಲ್ಲರೂ ಚೆನ್ನಾಗಿದಾರೆ. ಎಲ್ಲರೂ." ಮಗಳು ಬೆಂಚಿಗೆ ಹಣೆ ಕೊಟ್ಟಳು. ಅಳಿಯ ಮುಂದುವರಿಸಿದ: ಕೆಳಗಿನ ಮೂರು ಚುಕ್ಕಿಗಳಲ್ಲಿ ಎರಡು ಬಿಟ್ಟುಹೋಗಿದ್ದವು. ಮೇಲಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ತೋಳು ಒಂದು ಬೆರಳು ಜೋತುಬಿದ್ದಿತ್ತು. ಚಕ್ರ ಏನೋ ಅಲುಗುತ್ತದೆಂದು ಎರಡು ದಿನದಿಂದ ಡಾಕ್ಟರರ ತಮ್ಮ ಹೇಳುತ್ತಲೇ ಇದ್ದರಂತೆ. ಹೊಸದಲ್ಲವೇ, ಹಾಗೇ ಇರುತ್ತದೆ ಎಂದಿದ್ದರಂತೆ ಡಾಕ್ಟರರು.

ಎರಡು ದಿನದಿಂದ. ಅಂದರೆ ಗುರುವಾರದಿಂದ. ನಾನು ಮಂಗಳವಾರವೇ ಹೇಳಿದ್ದರೂ ಅಳಿಯ ಅವರನ್ನು ಮುಟ್ಟುತ್ತಿದ್ದುದು ಎಂಟನೇ ತಾರೀಖಿಗೇ ಇರಬಹುದು. ಲೆಕ್ಕ ಹಾಕಿ ನೋಡಿದೆ. ಅರ್ಧ ಲೆಕ್ಕದಲ್ಲೇ ಬಿಟ್ಟೆ. ಆ ಸಮಾಧಾನ ನನಗೆ ಸಲ್ಲದು.

"ಡಾಕ್ಟ್ರು ಏನಂದ್ರು?" ಎಂದಳು ಮಗಳು.

"ನಾನು ಬೆಸುಗೆ ತುಂಬಿ ಮುಗಿಸೋವರೆಗೂ ಮಕ್ಕಳನ್ನ ಗಾಡಿಯಿಂದ ಇಳಿಸಿ ದೂರ ನಿಲ್ಲಿಸಿದ್ರು, ಅಷ್ಟೇ."

ಏಪ್ರಿಲ್ ೧೦, ಸೋಮವಾರ

ಅಳಿಯ ನಿನ್ನೆ ತಡರಾತ್ರಿ ಮರಳಿದ. ಷೆಡ್ಡು ತೆರೆದಿದೆ. ನನ್ನ ಅಂಗಿ ಮೊಳೆಯ ಮೇಲಿದೆ. ಯಾರೂ ತೆಗೆಯಲಿಲ್ಲ, ಯಾರೂ ಇರಲಿ ಎನ್ನಲಿಲ್ಲ.

ತಿದ್ದುಪಡಿ. ಕೆಲಸದ ಪುಸ್ತಕ, ಮಾರ್ಚ್ ಇಪ್ಪತ್ತೇಳು: 'ಡಾಕ್ಟರರ ಬಂಪರ್ ಮತ್ತು ತೋಳು — ಪೂರ್ಣಗೊಂಡಿತು.' ನನ್ನದೇ ಅಕ್ಷರ, ದುಂಡಗಿದೆ. ಹೊಡೆದುಹಾಕಲು ಕೆಂಪು ಶಾಯಿ ತೆಗೆದೆ. ಹೊಡೆದುಹಾಕಿದರೆ ಅಲ್ಲಿಗೆ ಮುಗಿದಂತೆ. ಬೆಂಚಿನಿಂದ ಹಳದಿ ಸೀಮೆಸುಣ್ಣ ತಂದು ಸಾಲಿನ ಪಕ್ಕದಲ್ಲಿ ಒಂದು ಗೆರೆ ಎಳೆದೆ. ಮಗಳು ಮುಖದ ಗವಸಿನ ಅಂಚಿನಿಂದ ನೋಡುತ್ತಿದ್ದಳು.

ಈಗ ಕರೆಯುತ್ತಿದ್ದಾಳೆ. "ಅಪ್ಪ, ಬನ್ನಿ ಇಲ್ಲಿ. ಈ ತೋಳಿನ ತುದಿ ಹಿಡ್ಕೊಳ್ಳಿ, ಹೊರಳಿಸ್ಬೇಕು. ಕೆಳಗಡೆ ಎಷ್ಟಿದೆ ಅಂತ ನೀವೇ ಎಣಿಸಿ ಹೇ—"

ಗ್ರೈಂಡರ್ ಸದ್ದು. ಆದರೂ ಕೇಳಿಸಿತು. ಹೋಗಿ ಎಣಿಸಬೇಕು, ಆಮೇಲೆ ಉಳಿದದ್ದನ್ನು

ಏಪ್ರಿಲ್ ೧೦, ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷ.