ಬೇರೆ ಕೈಯ ಅನ್ನ

ಕುಮಟಾ,
೧೭ ಫೆಬ್ರುವರಿ ೧೯೬೦

ಪ್ರೀತಿಯ ತಮ್ಮ ರಮಾನಂದ,

ನಿನ್ನ ಕೆಮ್ಮು ಹೇಗಿದೆ? ಗಿರಣಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಎರಡು ಕಾಗದದಲ್ಲಿ ಕೇಳಿದೆ, ಎರಡಕ್ಕೂ ಉತ್ತರವಿಲ್ಲ. ಹತ್ತಿಯ ಧೂಳು ಎದೆಯಲ್ಲಿ ಕೂತರೆ ಮತ್ತೆ ಏಳುವುದಿಲ್ಲ, ತಿಳಿದಿರಲಿ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಬಾಡ ಊರಿನ ಮನೆಯಲ್ಲಿ ನಿನ್ನ ಹೆಂಡತಿ ಮಂಗಲಾ, ಸುಬ್ಬಿ ಸೌಖ್ಯ. ನಿನ್ನ ಮಗಳಿಗೆ ನಾಲ್ಕು ತುಂಬಿತು. ಬೇಲಿಯಾಚೆ ಯಾರು ಹೋದರೂ ಕೂಗಿ ಮಾತಾಡಿಸುತ್ತಾಳೆ. ಅಪ್ಪ ಎಲ್ಲಿ ಎಂದರೆ ಗೋಡೆಯ ಫೋಟೋ ತೋರಿಸುತ್ತಾಳೆ.

ಒಳ್ಳೆಯದೊಂದು ನಾಯಿ ನೋಡಿ ಮನೆಗೆ ತಂದುಬಿಡು ಎಂದು ಬರೆದಿದ್ದೆಯಲ್ಲ, ಆ ಸಂಗತಿಯನ್ನು ಮೊದಲಿನಿಂದ ಹೇಳುತ್ತೇನೆ. ನಮ್ಮ ನಾಯಿ ಕಾಳುವನ್ನು ಕೊಂದದ್ದು ವಿಷ ಸವರಿದ ಬಂಗಡೆ ಮೀನು. ಬೆಳಿಗ್ಗೆ ಮಂಗಲಾ ಬಾಗಿಲು ತೆಗೆದಾಗ ತುಳಸಿಕಟ್ಟೆಯ ಬುಡದಲ್ಲಿ ನೊರೆ ಕಾರಿಕೊಂಡು ಬಿದ್ದಿತ್ತು. ಅರ್ಧ ತಿಂದ ಮೀನು ಪಕ್ಕದಲ್ಲೇ ಇತ್ತು. ಅದನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಪೊಲೀಸರ ಹತ್ತಿರ ಹೋದೆ. ಎಸೆದವನನ್ನು ನೋಡಿದ ಸಾಕ್ಷಿ ತನ್ನಿ ಎಂದರು. ಎಸೆಸಿದವರು ಯಾರೆಂದು ಊರಿಗೆಲ್ಲ ಗೊತ್ತು. ಗೇಣಿ ಕಾಯಿದೆ ಬಂದ ಮೇಲೆ ಉಳುವವರನ್ನು ಬಲವಂತದಿಂದ ಎಬ್ಬಿಸುವ ಹಾಗಿಲ್ಲ. ತಾವಾಗಿ ಬಿಟ್ಟುಕೊಟ್ಟರೆ ಮಾತ್ರ ಜಮೀನು ಒಡೆಯರಿಗೆ ವಾಪಸು. ಆ ‘ತಾವಾಗಿ’ ಎಂಬುದನ್ನು ನಮ್ಮ ಬಾಯಿಂದ ಹೊರಡಿಸುವುದಕ್ಕೇ ಇಷ್ಟೆಲ್ಲ. ಹೆಂಚಿನ ಮೇಲೆ ಕಲ್ಲು ಬಿತ್ತು, ಬದನೆ ಸಸಿ ಬುಡಸಮೇತ ಕಿತ್ತುಹೋಯಿತು, ಕೊನೆಗೆ ನಾಯಿ. ನಮ್ಮ ಗದ್ದೆಯ ಈ ಒಡೆಯರ ತಂದೆ ಕರನಿರಾಕರಣೆಯ ವರ್ಷ ನಮ್ಮ ಕೇರಿಗೆ ಲಾಠಿ ತಂದ ಪೊಲೀಸರಿಗೆ ಎಳನೀರು ಕೆತ್ತಿಸಿ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗ ಈಗ ಖಾದಿ ತೊಟ್ಟು ನಮ್ಮ ಶಾಲೆಯಲ್ಲಿ ಧ್ವಜ ಏರಿಸುತ್ತಾನೆ. ಮರೆತುಬಿಡಿ ಮಾಸ್ತರೇ ಎನ್ನುತ್ತಾರೆ ಜನ. ಮರೆತವರೆಲ್ಲ ಸೇರಿಯೇ ಅಲ್ಲವೇ ಅವನನ್ನು ಕುರ್ಚಿಯಲ್ಲಿ ಕೂರಿಸಿದ್ದು.

ಇರಲಿ, ನಾಯಿಯ ವಿಷಯ. ಬೊಗಳುವ ನಾಯಿ ಎಲ್ಲಿಯಾದರೂ ಸಿಗುತ್ತದೆ. ನಮಗೆ ಬೇಕಾದದ್ದು ಬೇರೆಯವರು ಎಸೆದದ್ದನ್ನು ಮೂಸದ ನಾಯಿ. ನೆರೆಮನೆಯ ಜಟ್ಟ ಒಂದು ಮರಿ ತಂದ. ಕುತ್ತಿಗೆ ಹಿಡಿದು ಎತ್ತಿದರೆ ಕುಂಯ್ ಎನ್ನಲಿಲ್ಲ, ಬಾಯಿ ಬಿಡಿಸಿದರೆ ಅಂಗುಳ ಕಪ್ಪು. ಊರವರ ಲೆಕ್ಕದಲ್ಲಿ ಅದು ಶೂರ. ನಾನು ಒಣಮೀನಿನ ತಲೆ ಎಸೆದೆ, ನೆಲಕ್ಕೆ ಬೀಳುವ ಮೊದಲೇ ಶೂರ ನುಂಗಿದ. ಪೇಟೆಯ ಕಂತ್ರಾಟುದಾರರೊಬ್ಬರ ಮನೆಯ ವಿಲಾಯತಿ ಜಾತಿಯ ನಾಯಿ, ಯಜಮಾನರು ಅದರ ಶಿಸ್ತನ್ನು ಹೊಗಳುತ್ತಿದ್ದಾಗಲೇ ನನ್ನ ಕೈಯ ಬಿಸ್ಕೀಟು ತಿಂದು ಅಂಗೈಯನ್ನೂ ನೆಕ್ಕಿತು. “ಮಾಸ್ತರು ನಾಯಿಗೂ ಪರೀಕ್ಷೆ ಇಟ್ರು, ಒಂದೂ ಪಾಸಾಗ್ಲಿಲ್ಲ” ಎಂದು ಜಟ್ಟ ಬಾಡದ ತುಂಬ ಹೇಳಿಕೊಂಡು ತಿರುಗಿದ.

ಪಾಸಾದದ್ದು ಹೊನ್ನಾವರದ ಹೊಳೆಯಾಚೆ ಕಾಸರಕೋಡಿನಲ್ಲಿ. ಬಂಗಾರಿ ಎಂಬ ಮುದುಕಿಯ ಮನೆ. ಮೀನು ಒಣಗಿಸುವ ಅಂಗಳ, ಅದಕ್ಕೊಂದು ಕೆಂದು ಬಣ್ಣದ ನಾಯಿ, ಹೆಸರು ಕೆಂಚ. ಸುತ್ತ ಮೀನು ಹರಡಿದ್ದರೂ ಒಂದಕ್ಕೂ ಬಾಯಿ ಹಾಕುವುದಿಲ್ಲ. ನಾನು ಕೊಟ್ಟ ಬೆಲ್ಲ, ರೊಟ್ಟಿ, ಹುರಿದ ಬಂಗಡೆ, ಯಾವುದರ ಕಡೆಗೂ ತಿರುಗಲಿಲ್ಲ. ಬಂಗಾರಿ ಭಟ್ಕಳದ ಮಗಳ ಮನೆಗೆ ಹೋಗುವವಳು, ನಾಯಿಯನ್ನು ಒಯ್ಯುವಂತಿರಲಿಲ್ಲ. ಆದರೆ ಅವಳು ಒಂದು ಮಾತು ಹೇಳಿದಳು. “ಅನ್ನ ಹಾಕೂ ಹೆಂಗ್ಸನ್ನ ಕರ್ಕಂಡು ಬನ್ನಿ. ನಾಲ್ಕು ದಿನ ನನ್ನ ಸಂಗ್ತಿಗೆ ಕೂರ್ಲಿ. ಅವ್ಳ ಕೈ ಮೇಲೆ ನನ್ನ ಕೈ ಇಟ್ಟು ಉಣ್ಸಬೇಕು. ಅದೇ ಕ್ರಮ.” ನಾನು ನಕ್ಕೆ, ತಮ್ಮಾ. ಪುಸ್ತಕದ ಎರಡು ಮಾತು ಹೇಳಿ, ಹಸಿವಾದರೆ ತಾನಾಗಿ ತಿನ್ನುತ್ತದೆ ಎಂದೆ. “ಆತು, ಓದ್ದವ್ರು ನೀವು” ಎಂದಳು. ಹೊಳೆ ದಾಟಿಸುವಾಗ ಕಣ್ಣಿಗೆ ಬಟ್ಟೆ ಕಟ್ಟಿದರೆ ಹಿಂದಿರುಗುವುದಿಲ್ಲವೆಂದು ಲಾಂಚಿನವರು ಹೇಳಿದರು. ಅದನ್ನು ಮಾತ್ರ ನಂಬಿ ನನ್ನ ಶಾಲು ಕಟ್ಟಿದೆ.

ಕೆಂಚ ಹಿಂದಿರುಗಲಿಲ್ಲ, ತಿನ್ನಲೂ ಇಲ್ಲ. ಮಂಗಲಾ ಗಂಜಿ ಇಟ್ಟಳು, ಮಜ್ಜಿಗೆ ಅನ್ನ ಕಲಸಿದಳು, ತಾನು ಉಣ್ಣದೆ ಅದರೆದುರು ಗಂಟೆಗಟ್ಟಲೆ ಕೂತಳು. ನೀರೊಂದು ಕುಡಿಯುತ್ತಿತ್ತು. ಮೂರನೆಯ ದಿನ ಗೇಟಿಗೆ ಬಂದ ಒಡೆಯರ ಕಾರಭಾರಿಯನ್ನು ಗದ್ದೆಯ ತುದಿಯವರೆಗೆ ಅಟ್ಟಿಸಿಕೊಂಡು ಹೋಯಿತು. ಐದನೆಯ ದಿನ ಕೂತಲ್ಲಿಂದಲೇ ಬೊಗಳಿತು. ಏಳನೆಯ ದಿನ ಕತ್ತು ಎತ್ತಿ ನೋಡಿ ಮತ್ತೆ ಇಟ್ಟುಕೊಂಡಿತು. ಯಾವ ಗುಣಕ್ಕಾಗಿ ಮೂರೂರು ತಿರುಗಿ ಅದನ್ನು ಆರಿಸಿದೆನೋ ಅದೇ ಗುಣ ಅದನ್ನು ಒಣಗಿಸುತ್ತಿತ್ತು. ನಾವು ಅದರ ಪಾಲಿಗೆ ಪರರು ಎಂಬುದು ನನ್ನ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಶುಕ್ರವಾರ ಭಟ್ಕಳಕ್ಕೆ ಹೋದೆ. ಮಗಳ ಮನೆಯ ಜಗಲಿಯಲ್ಲಿ ಬಂಗಾರಿ ಬಲೆಯ ನೂಲು ಬಿಡಿಸುತ್ತಿದ್ದಳು. ನನ್ನನ್ನು ಕಂಡದ್ದೇ, “ಎಂತ ಮಾಸ್ತರೇ, ಹಸಿವು ಕಲಿಸ್ಲಿಲ್ವಾ?” ಎಂದಳು. ಬಾಡಕ್ಕೆ ಬಾ ಎಂದು ಕೈ ಮುಗಿದೆ. ಮರುದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ, “ನಾಯಿಗೋಸ್ಕರ ಬರ್ತೆ, ನಿಮ್ಗೋಸ್ಕರ ಅಲ್ಲ” ಎಂದು ಹೇಳುತ್ತಲೇ ಬಂದಳು. ಅಂಗಳಕ್ಕೆ ಕಾಲಿಟ್ಟಾಗ ಕೆಂಚನ ಬಾಲ ಮಣ್ಣಿನ ಮೇಲೆ ಎರಡು ಸಲ ಆಡಿತು, ಅಷ್ಟೇ ಶಕ್ತಿ. ಬಂಗಾರಿ ಮಂಗಲೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಅಂಗೈಯಲ್ಲಿ ಅನ್ನವಿಟ್ಟು, ಮೇಲೆ ತನ್ನ ಕೈ ಮುಚ್ಚಿ ಅದರ ಮೂತಿಗೆ ಹಿಡಿದಳು. ತಿಂದಿತು. ದಿನಕ್ಕೊಂದು ಬೆರಳಿನಂತೆ ತನ್ನ ಕೈ ಸರಿಸುತ್ತ ಬಂದು ನಿನ್ನೆ ಪೂರ್ತಿ ತೆಗೆದಳು. ಮಂಗಲೆಯೊಬ್ಬಳ ಕೈಯಿಂದ ಕೆಂಚ ಉಂಡಿತು. ಮಂಗಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಂತೋಷಕ್ಕೆ ಎಂದುಕೊಂಡೆ.

ನಾಯಿ ಉಳಿದ ಮಾತ್ರಕ್ಕೆ ನಮ್ಮ ಕಷ್ಟ ತೀರಿತೆಂದು ನಾನು ನಂಬಿಲ್ಲ. ಸರ್ಕಾರಕ್ಕೆ ನಾನು ಬರೆದ ಅರ್ಜಿಗಳಿಗೆ ಉತ್ತರ ಬರುವ ಕಾಲ ನನ್ನ ಆಯುಷ್ಯದಲ್ಲಿ ಇಲ್ಲ. ಆದರೂ ಈ ಮಳೆಗಾಲದವರೆಗೆ ತಡೆದು ನಿಂತರೆ ನೀನು ರಜೆ ಹಾಕಿ ಬಂದು ಗದ್ದೆಗಿಳಿಯಬಹುದು. ಊಟ ಬಿಡಬೇಡ. ಅತ್ತಿಗೆ ನಿನ್ನನ್ನು ಕೇಳಿದ್ದಾಳೆ. ನಿನ್ನ ಕೋಣೆಯ ಗೆಳೆಯರಿಗೆ ನನ್ನ ನೆನಪು ತಿಳಿಸು. ದೇವರು ನಿನ್ನ ಎದೆಯನ್ನು ಗಟ್ಟಿಯಾಗಿಡಲಿ.

ನಿನ್ನ ಅಣ್ಣ,
ಲಿಂಗಪ್ಪ

ತಾ.ಕ. — ಮೇಲಿನದನ್ನು ನಿನ್ನೆ ಬರೆದಿಟ್ಟಿದ್ದೆ. ಇಂದು ಟಪಾಲಿಗೆ ಹಾಕುವ ಮೊದಲು ಬಾಡಕ್ಕೆ ಹೋದೆ, ಆಗ ಮಂಗಲಾ ಹೇಳಿದಳು. ನಾನು ಭಟ್ಕಳದಲ್ಲಿದ್ದ ಶುಕ್ರವಾರವೇ ಅವಳು ಮಾಮಲೇದಾರರ ಕಚೇರಿಗೆ ಹೋಗಿ ಜಮೀನಿಗೂ ಮನೆಗೂ ರಾಜೀನಾಮೆ ಬರೆದುಕೊಟ್ಟಿದ್ದಾಳೆ. ನೀನು ಹೋದ ಮೇಲೆ ಉಳುವವರ ಹೆಸರು ಅವಳದೇ ಆಗಿತ್ತು, ಒಂದು ಸಹಿ ಸಾಕಾಯಿತು. ನಿಮ್ಮ ಖುಷಿಯಿಂದಲೇ ಬಿಡುವುದೋ ಎಂದು ಸಾಹೇಬರು ನಿಯಮದಂತೆ ಕೇಳಿದರಂತೆ, ಹೌದು ಎಂದಳಂತೆ. ಯುಗಾದಿಯೊಳಗೆ ಮನೆ ಖಾಲಿಯಾಗಬೇಕು. ಅವಳ ಮೇಲೆ ಸಿಟ್ಟಾಗಬೇಡ. ಗುರುವಾರ ಕಾರಭಾರಿ ಬೇಲಿಯ ಹೊರಗೆ ನಿಂತು ಸುಬ್ಬಿಯ ಕೈಗೆ ಒಂದು ಹಿಡಿ ಬತ್ತಾಸು ಹಾಕಿ ಹೋಗಿದ್ದ. ಮಗು ತಿಂದಿತು, ಏನೂ ಆಗಲಿಲ್ಲ, ಬರೀ ಬತ್ತಾಸು. ಯಾಕೆ ನನ್ನನ್ನು ಕಾಯಲಿಲ್ಲ ಎಂದು ಕೇಳಿದ್ದಕ್ಕೆ ಮಂಗಲಾ ಇಷ್ಟೇ ಹೇಳಿದಳು: “ಕೆಂಚ ಯಾರು ಕೊಟ್ರೂ ತಿನ್ನೂದಿಲ್ಲ ಭಾವಾ. ಸುಬ್ಬಿ ತಿಂತದೆ.”