ಸಾಕು ಅಂದಮೇಲಿನ ರೊಟ್ಟಿ

ಕಮರಿಪೇಟೆ, ಹುಬ್ಬಳ್ಳಿ
೧೪ ಆಗಸ್ಟ್ ೨೦೨೪

ಮುನಿಸಿಕೊಂಡು ಕೂತಿರುವ ಮಗಳು ಸುರಭಿಗೆ, ಬೇಡವೆಂದರೂ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವ ಹಾಗಿಲ್ಲ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದು ಬಳ್ಳಾರಿ ಮುಟ್ಟುವವರೆಗೆ ನಿಮ್ಮಪ್ಪ ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ಪಂಚಮಿಯ ದಿನ ಉಂಡಿ ಕಟ್ಟುತ್ತ ಕೂತವರು ಒಮ್ಮೆಲೇ ಬಲಕ್ಕೆ ವಾಲಿದರು. ಮಾತು ಪೂರಾ ನಿಂತಿತು. ಓಣಿಗೆ ಓಣಿಯೇ ಓಡಿ ಬಂದು ಅರ್ಧ ತಾಸಿನೊಳಗೆ ದವಾಖಾನೆ ಸೇರಿಸಿತು. ಮಾತು ಹೋದರೆ ಎಲ್ಲರಿಗೂ ಗಾಬರಿಯಾಗುತ್ತದೆ.

ಮೊದಲ ಸಲ ಲಕ್ವಾ ಹೊಡೆದಾಗ ಹಾಗಾಗಲಿಲ್ಲ. ಎರಡೂವರೆ ವರ್ಷದ ಹಿಂದಿನ ಸಂಕ್ರಾಂತಿ ನೆನಪಿದೆಯಲ್ಲ? ಕುಸುರೆಳ್ಳು ಮುಟ್ಟಿತೆಂದು ಹೇಳಲು ನೀನು ಫೋನು ಮಾಡಿದ್ದೆ. ನಿಮ್ಮಪ್ಪ ಅವತ್ತು ನಿನ್ನನ್ನು ಒಮ್ಮೆಯೂ ಕಾಡಿಸಲಿಲ್ಲ. ಆಮೇಲೆ ನೀನು ನನಗೆ ಹೇಳಿದೆ, “ಅವ್ವಾ, ಅಪ್ಪನ ಧ್ವನಿ ಬ್ಯಾರೆ ಆಗೇತಿ. ಲಗೂ ದವಾಖಾನಿಗೆ ಕರ್ಕೊಂಡು ಹೋಗು.” ಬಸುರಿಯಾದವಳಿಗೆ ಎಲ್ಲದಕ್ಕೂ ಅಂಜಿಕೆ ಎಂದು ನಿನ್ನನ್ನೇ ಬೈದೆ. ನಮ್ಮವ್ವನಿಗೆ ಲಕ್ವಾ ಹೊಡೆದಾಗ ನಾಲಿಗೆ ಬಿದ್ದುಹೋಗಿತ್ತು. ನನಗೆ ಗೊತ್ತಿದ್ದ ಲಕ್ವಾ ಅದೊಂದೇ. ನಿಮ್ಮಪ್ಪನನ್ನು ಎದುರಿಗೆ ಕೂಡಿಸಿಕೊಂಡು ವಾರದ ಹೆಸರು ಹೇಳಿಸಿದೆ. ಸೋಮವಾರದಿಂದ ಐತಾರದವರೆಗೆ ಒಂದೂ ತಪ್ಪಲಿಲ್ಲ. ತಲೆನೋವು ಅಂದದ್ದಕ್ಕೆ ಸೋಡಾ ಕುಡಿಸಿ ಮಲಗಿಸಿದೆ.

ನಮ್ಮ ಖಾನಾವಳಿ ನಡೆದದ್ದೇ ನಿಮ್ಮಪ್ಪನ ಒತ್ತಾಯದ ಮೇಲೆ, ನಿನಗೂ ಗೊತ್ತು. ಸಾಕು ಅಂದವರ ತಾಟಿಗೇ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಮೊದಲ ‘ಸಾಕು’ ಲೆಕ್ಕಕ್ಕಿಲ್ಲ ಎಂದು ನಗುತ್ತಿದ್ದರು. ಯಾರ ಹೊಟ್ಟೆ ಖರೇ ತುಂಬಿದೆ, ಯಾರದು ಸಂಕೋಚ ಎಂಬುದು ಮುಖ ನೋಡಿದರೇ ಅವರಿಗೆ ತಿಳಿಯುತ್ತಿತ್ತು. ಆ ಸಂಕ್ರಾಂತಿಯ ನಂತರ ಸಾಕು ಅಂದರೆ ಬುಟ್ಟಿ ಎತ್ತಿಕೊಂಡು ಮುಂದೆ ಹೋಗಿಬಿಡುತ್ತಿದ್ದರು. ಯಾರಾದರೂ ಚೇಷ್ಟೆ ಮಾಡಿದರೆ ಜಗಳಕ್ಕೆ ನಿಲ್ಲುತ್ತಿದ್ದರು. ದತ್ತು ಮಾಸ್ತರರಂಥ ಇಪ್ಪತ್ತು ವರ್ಷದ ಗಿರಾಕಿಯೇ ಇವರಿಗೆ ಸೊಕ್ಕು ಬಂತೆಂದು ಬೇರೆ ಕಡೆ ಊಟ ಹಚ್ಚಿಕೊಂಡರು.

ಅದೇ ವರ್ಷ ಕಾರಹುಣ್ಣಿವೆಯ ಮುಂದೆ ನೀನು ಬಂದೆ. ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅಪ್ಪನ ಮುಂದೆ ಕೂತು ಅತ್ತೆ. ಅವರು ನಿನ್ನ ಮುಖ ನೋಡುತ್ತಲೇ, ಊಟ ಆಯಿತೇನು ಎಂದು ಕೇಳಿದರು. ನೀನು ಎದ್ದು ನಿಂತು “ನಾ ಹೋಗ್ತೇನಿ, ಇನ್ನ ಈ ಮನಿಗೆ ಬರಂಗಿಲ್ಲ” ಅಂದೆ. ಹೊಸ್ತಿಲ ಮೇಲೆ ನೀನು ಎಷ್ಟು ಹೊತ್ತು ಕಾದೆ ಎಂಬುದನ್ನು ನಾನು ನೋಡಿದ್ದೇನೆ. ನಿಮ್ಮಪ್ಪ “ಆತು. ಬಾಗಲಾ ಎಳಕೊಂಡು ಹೋಗು” ಅಂದರು. ನಾನು ಒಲೆಯ ಮುಂದೆ ಸುಮ್ಮನೆ ಕೂತಿದ್ದೆ.

ಅವತ್ತಿನಿಂದ ಮೂರು ಪಂಚಮಿ ಬಂದವು. ನಿನ್ನ ಪಾಲಿನ ಉಂಡಿ ಅವರು ಒಮ್ಮೆಯೂ ಎತ್ತಿಡಲಿಲ್ಲ. ಬರುವುದಿಲ್ಲ ಎಂದು ಹೇಳಿ ಹೋಗಿದ್ದಾಳಲ್ಲ ಎನ್ನುತ್ತಿದ್ದರು. ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಈಗ ಇಲ್ಲಿಯ ಡಾಕ್ಟರು ಬಿಡಿಸಿ ಹೇಳಿದ ಮೇಲೆ ನನಗೆ ತಿಳಿಯಿತು. ಬಹಳ ಜನರಲ್ಲಿ ಮೆದುಳಿನ ಎಡಭಾಗ ಶಬ್ದ ಹುಡುಕಿ ಮಾತು ಕಟ್ಟುತ್ತದಂತೆ. ಧ್ವನಿಯ ಏರಿಳಿತ, ಚೇಷ್ಟೆ, ಎದುರಿನವರ ಮುಖದ ಸಂಕಟ, ಆಡಿದ ಮಾತಿನ ಹಿಂದಿನ ಮನಸ್ಸು ಇವೆಲ್ಲ ತಿಳಿಯಬೇಕಾದರೆ ಬಲಭಾಗವೂ ನೆಟ್ಟಗಿರಬೇಕಂತೆ. ಆ ಸಂಕ್ರಾಂತಿಗೆ ಪೆಟ್ಟು ಬಿದ್ದದ್ದು ಮೆದುಳಿನ ಆ ಬಲಭಾಗಕ್ಕೆ. ನಿನ್ನ ಕಣ್ಣೀರು ಅವರಿಗೆ ಕಂಡಿದೆ, ದುಃಖ ಮುಟ್ಟಿಲ್ಲ. ಈಗ ಎಡಭಾಗವೂ ಹೋಯಿತು. ಮೊದಲೇ ಗೊತ್ತಿದ್ದರೆ ಅವತ್ತು ಹೊಸ್ತಿಲಲ್ಲೇ ನಿನ್ನ ಕೈ ಹಿಡಿದು ಹೇಳುತ್ತಿದ್ದೆ.

ನೀನು ಬಂದು ಏನು ಮಾತಾಡಿದರೂ ಅವರಿಗೆ ತಿಳಿಯಲಿಕ್ಕಿಲ್ಲ. ಆದರೂ ಬಾ. ಅಪ್ಪ ನಿನ್ನನ್ನು ಹೊರಗೆ ಹಾಕಲಿಲ್ಲ ಎಂಬುದು ಅವರ ಜೀವ ಇರುವಾಗಲೇ ನಿನಗೆ ಗೊತ್ತಾಗಬೇಕು.

ನಿನ್ನ ದಾರಿ ನೋಡುತ್ತಿರುವ ಅವ್ವ,
ಕಸ್ತೂರೆವ್ವ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹರಿದು ಹೊಸದಾಗಿ ಬರೆಯಲು ಕೂತರೆ ಮನಸ್ಸು ಮತ್ತೆ ಹಿಂಜರಿದೀತು. ಜೊತೆಗಿಟ್ಟ ದವಾಖಾನೆಯ ಚೀಟಿಯ ತಾರೀಖು ನೋಡು, ೧೮ ಜನವರಿ ೨೦೨೨. ಎಡಗೈಯಿಂದ ರೊಟ್ಟಿಬುಟ್ಟಿ ಜಾರಿ ಬಿದ್ದಾಗ, ಸಂಕ್ರಾಂತಿಯಾಗಿ ಮೂರು ದಿನಕ್ಕೆ, ನಾನೇ ಅವರನ್ನು ಒಯ್ದಿದ್ದೆ. ಡಾಕ್ಟರು ಇದನ್ನೆಲ್ಲ ಅವತ್ತೇ ಹೇಳಿದ್ದರು. ಮನೆಯವರಿಗೆಲ್ಲ ತಿಳಿಸಿರಿ, ಇಲ್ಲದಿದ್ದರೆ ತಪ್ಪು ತಿಳಿಯುತ್ತಾರೆ ಎಂದೂ ಹೇಳಿದ್ದರು. ಮೊದಲ ದಿನವೇ ತರಬೇಕಿತ್ತು ಎಂದೂ. ನಿನಗೆ ಹೇಳಿದರೆ, ಅವತ್ತು ನಿನ್ನ ಮಾತು ಕೇಳದೆ ಸೋಡಾ ಕುಡಿಸಿ ಮಲಗಿಸಿದ್ದೂ ಹೇಳಬೇಕಾಗುತ್ತಿತ್ತು. ಅದಕ್ಕೇ ನೀನು ಹೊಸ್ತಿಲಲ್ಲಿ ನಿಂತಾಗ ನಾನು ಬಾಯಿ ಬಿಡಲಿಲ್ಲ. ಚೀಟಿಯ ಕೆಳಗಿನ ಸಹಿ ನನ್ನದೇ. ಅಪ್ಪನಿಗಾಗಿ ಬಾ. ನನ್ನನ್ನು ಮಾತಾಡಿಸುವುದು ಬೇಡ. ಈ ‘ಬೇಡ’ ಒತ್ತಾಯ ಮಾಡಿಸಿಕೊಳ್ಳಲು ಅಂದದ್ದಲ್ಲ.