ಅರ್ಧ ಗಂಟೆಯ ಬೆಳಕು

ಡಿಸೆಂಬರ್ ೯, ಮಂಗಳವಾರ

ನನ್ನ ಪುಟ್ಟಿಗೆ ಅಪ್ಪನ ಆಶೀರ್ವಾದ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಬರೀ ಚಳಿಯ ಸುದ್ದಿ ಬರೆದು ಎದ್ದೆ. ಮೊಣಕಾಲು ಪರವಾಗಿಲ್ಲ. ಸ್ಟುಡಿಯೋಗೆ ಪಾಸ್‌ಪೋರ್ಟ್ ಫೋಟೋದವರು ಈಗಲೂ ಬರುತ್ತಾರೆ. ನಗಬೇಡಿ ಅಂದರೆ ಸಾಕು, ನಗುತ್ತಾರೆ.

ಅಳಿಯಂದಿರು ಫೋನ್ ಮಾಡಿದ್ದರು. ಎರಡು ವಾರದಿಂದ ನೀನು ಆಫೀಸಿಗೆ ಹೋಗಿಲ್ಲವಂತೆ, ಮಧ್ಯಾಹ್ನದವರೆಗೂ ಹೊದ್ದು ಮಲಗುತ್ತೀಯಂತೆ. ಹೋದ ವರ್ಷವೂ ಇದೇ ತಿಂಗಳು ಹೀಗೇ ಇತ್ತಂತೆ. ಡಾಕ್ಟರ ಸುದ್ದಿ ಎತ್ತಿದರೆ, ನಾನೇನು ಹುಚ್ಚಿಯಾ ಎಂದು ಸಿಡುಕುತ್ತೀಯಂತೆ. ಸರಿ, ನಾನೇ ಹೋಗಿ ಮನೋವೈದ್ಯೆಯ ಮುಂದೆ ಕೂತೆ. ನಿನ್ನನ್ನು ನೋಡದೆ ಖಚಿತವಾಗಿ ಹೇಳಲಾರೆ ಅಂದರು. ಇರಬಹುದಾದ್ದರ ಹೆಸರು ಹೇಳಿದರು: ಸೀಸನಲ್ ಅಫೆಕ್ಟಿವ್ ಡಿಸಾರ್ಡರ್. ಕಾಲೇಜಿನ ಇಂಗ್ಲಿಷನ್ನು ಎರಡು ಸಲ ಬರೆದು ಪಾಸಾದವನು ನಾನು. ಅಫೆಕ್ಷನ್ ಅಂದರೆ ಪ್ರೀತಿ ಎಂಬುದಷ್ಟೇ ಉಳಿದಿತ್ತು. ಅವಳದ್ದು ಲವ್ ಮ್ಯಾರೇಜು ಮೇಡಂ, ಪ್ರೀತಿಗೇನೂ ಕೊರತೆಯಿಲ್ಲ ಅಂದುಬಿಟ್ಟೆ. ಆಕೆ ನಕ್ಕರು.

"ಪ್ರೀತಿ ಅಲ್ಲ ಸಾರ್, ಮನಸ್ಸಿನ ಸ್ಥಿತಿ. ಹಗಲು ಕುಗ್ಗಿದಾಗ ಕೆಲವರ ಮನಸ್ಸೂ ಕುಗ್ಗುತ್ತೆ. ಸೋಮಾರಿತನ ಅಲ್ಲ ಅದು."

ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆಂದೇ ಮಾಡಿದ ದೀಪದ ಮುಂದೆ ಅರ್ಧ ಗಂಟೆ ಕೂರಿಸುತ್ತಾರಂತೆ. ಹಗಲಲ್ಲಿ ಹೊರಗೆ ನಡೆಯಬೇಕು, ಅವರ ಹತ್ತಿರ ಕೂತು ಮಾತಾಡಬೇಕು, ಬೇಕಾದರೆ ಮಾತ್ರೆ. ಇಷ್ಟೇ.

ನಿಮ್ಮಮ್ಮ ನೆನಪಾದಳು. ಬೇಸಿಗೆಯಲ್ಲಿ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದವಳು, ಗಿರಾಕಿಗಳ ಕಾಲರ್ ಸರಿಮಾಡುತ್ತ ಅವರನ್ನೇ ಗೇಲಿ ಮಾಡುತ್ತಿದ್ದವಳು, ಚಳಿ ಬಿದ್ದರೆ ಬಾಚಣಿಗೆ ಕೈಯಲ್ಲೇ ಹಿಡಿದು ಗಂಟೆಗಟ್ಟಲೆ ಕೂತಿರುತ್ತಿದ್ದಳು. ಕರಡಿ ಮಲಗಿತು ನೋಡು ಅಂತ ನಾನು ಹೇಳುವುದು, ನೀನು ಕಿಲಕಿಲ ನಗುವುದು. ನೀನು ಚಿಕ್ಕವಳು, ನಿನ್ನ ತಪ್ಪಿಲ್ಲ. "ನಗಿ ಪರವಾಗಿಲ್ಲ. ನಂಗೆ ನಿಜವಾಗ್ಲೂ ಏಳೋಕಾಗ್ತಿಲ್ಲ," ಅಂದಿದ್ದಳು ಒಮ್ಮೆ. ಆಗಲೂ ನಕ್ಕೆ. ಅವಳು ಹೋಗಿ ನಾಲ್ಕು ವರ್ಷವಾದ ಮೇಲೆ ಕಾಯಿಲೆಯ ಹೆಸರು ಕಲಿತೆ.

ಶುಕ್ರವಾರ ಹನ್ನೊಂದಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಒಳಗೆ ನೀನೊಬ್ಬಳೇ ಹೋಗು, ನಾನು ಹೊರಗೆ ಬೆಂಚಿನ ಮೇಲಿರುತ್ತೇನೆ. ತಲೆ ಬಾಚದೆಯೇ ಬಾ, ಆದರೆ ಬಾ.

ನಿನ್ನ ಹಗಲುಗಳು ಉದ್ದವಾಗಲಿ, ಮಗಳೇ.

ಇಂತಿ ನಿನ್ನ
ಅಪ್ಪ

ತಾ.ಕ.: ಮನೆಯಲ್ಲಿ ಬೆಳಗಿನ ಬಿಸಿಲು ಬರುತ್ತಿದ್ದದ್ದು ಒಂದೇ ಕೋಣೆಗೆ. ಅದನ್ನೇ ನಾನು ಡಾರ್ಕ್‌ರೂಮ್ ಮಾಡಿಕೊಂಡು ಕಿಟಕಿಗೆ ಕಪ್ಪು ಬಣ್ಣ ಬಳಿದೆ. ಒಂದು ಗಾಜಾದರೂ ಬಿಡಿ ಅಂತ ನಿಮ್ಮಮ್ಮ ಕೇಳಿದಳು. ಫಿಲ್ಮ್ ಹಾಳಾಗುತ್ತೆ ಅಂದೆ. ಅವಳು ಮತ್ತೆ ಕೇಳಲಿಲ್ಲ.